ಸೂತ್ರ ಉರು ಹೊಡೆಸುವ ಮುನ್ನ ವೃತ್ತ ಬರೆಸಿ

ಮಾನ್ಯರೇ,

ಪ್ರಥಮ ಪಿಯುಸಿ ಗಣಿತದ ತ್ರಿಕೋನಮಿತಿ ಅಧ್ಯಾಯದಲ್ಲಿ 90 ಡಿಗ್ರಿ ಮೀರಿದ ಕೋನಗಳ ಸೈನ್, ಕಾಸ್ ಬೆಲೆ ಕಲಿಸುವ ಬಗ್ಗೆ ಉಪನ್ಯಾಸಕರ ಮತ್ತು ಇಲಾಖೆಯ ಗಮನಕ್ಕೆ ಒಂದು ವಿಷಯ ತರಬೇಕಿದೆ. ನಮ್ಮ ಪಿಯು ಕಾಲೇಜುಗಳಲ್ಲಿ ನಡೆಯುವುದು ಎನ್‌ಸಿಇಆರ್‌ಟಿ ಪುಸ್ತಕ. ಅದರ ಅಭ್ಯಾಸ 3.2ರ ಕೊನೆಯ ಐದು ಲೆಕ್ಕಗಳನ್ನು ನೋಡಿ. ಸೈನ್ 765 ಡಿಗ್ರಿ: ಎರಡು ಸುತ್ತು ಕಳೆದರೆ 45. ಕೊಸೆಕ್ ಮೈನಸ್ 1410: ನಾಲ್ಕು ಸುತ್ತು ಕೂಡಿಸಿದರೆ 30. ಉಳಿದ ಮೂರೂ ಹೀಗೇ 60ಕ್ಕೋ 45ಕ್ಕೋ ಬಂದು ನಿಲ್ಲುತ್ತವೆ. ಐದಕ್ಕೆ ಐದೂ ಮೊದಲನೇ ಚತುರ್ಥಕದಲ್ಲೇ, ಅಂದರೆ 0ಯಿಂದ 90 ಡಿಗ್ರಿಯ ಕಾಲು ವೃತ್ತದಲ್ಲೇ! 360ನ್ನು ಕೂಡಿಸಲು, ಕಳೆಯಲು ಬಂದರೆ ಸಾಕು, ಎಸ್ಸೆಸ್ಸೆಲ್ಸಿಯ ಕೋಷ್ಟಕವೇ ಉತ್ತರ ಕೊಟ್ಟುಬಿಡುತ್ತದೆ. ಅದಕ್ಕೂ ಮೊದಲಿನ ಐದು ಲೆಕ್ಕಗಳಲ್ಲಿ ಚತುರ್ಥಕ ಯಾವುದೆಂದು ಪುಸ್ತಕವೇ ಹೇಳುತ್ತದೆ.

ಮುಂದಿನ ಅಭ್ಯಾಸ 3.3ರ ಆರಂಭದಲ್ಲಿ 7 ಪೈ ಬೈ 6, 5 ಪೈ ಬೈ 6, 3 ಪೈ ಬೈ 4 ಬರುತ್ತವೆ. ಸದ್ಯ, ಈಗಲಾದರೂ ಬಂತಲ್ಲ ಎನ್ನುವಷ್ಟರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ವರ್ಗ ಇದೆ, ಮೈನಸ್ ಇದ್ದರೂ ಅಳಿಸಿಹೋಗುತ್ತದೆ, ನಡುವಿನದು ಹೇಗೂ ಪ್ಲಸ್. ಅಂದರೆ ಚಿಹ್ನೆ ಗೊತ್ತಿಲ್ಲದ ಹುಡುಗನಿಗೂ ಉತ್ತರ ಸರಿಯಾಗಿಯೇ ಸಿಗುತ್ತದೆ. ತನಗೆ ಗೊತ್ತಿಲ್ಲ ಎನ್ನುವುದೇ ಅವನಿಗೆ ಗೊತ್ತಾಗುವುದಿಲ್ಲ.

ಸಂಜೆ ನಮ್ಮ ಮನೆಗೆ ಪಾಠಕ್ಕೆ ಬರುವ ಮಕ್ಕಳಲ್ಲಿ ಇದರ ಪರಿಣಾಮ ಪ್ರತಿ ವರ್ಷ ಕಾಣುತ್ತೇನೆ. ಯಾವ ಚತುರ್ಥಕದಲ್ಲಿ ಯಾವುದು ಪ್ಲಸ್ ಎಂದು ನೆನಪಿಡುವ ‘ಆಲ್ ಸಿಲ್ವರ್ ಟೀ ಕಪ್ಸ್’ ಎಲ್ಲರಿಗೂ ಬಾಯಿಗೆ ಬರುತ್ತದೆ. ಅದು ಹೇಳುವುದು ಚಿಹ್ನೆಯನ್ನಷ್ಟೇ, ಯಾವ ಕೋನದ ಬೆಲೆ ಹಾಕಬೇಕೆಂದು ಹೇಳುವುದಿಲ್ಲ. ಸೈನ್ 240 ಕೇಳಿದರೆ 270ರಲ್ಲಿ 30 ಕಳೆದು ಮೈನಸ್ ಸೈನ್ 30, ಅಂದರೆ ಮೈನಸ್ ಅರ್ಧ ಎಂದು ಬರೆಯುತ್ತಾರೆ. 270 ಬಂದಾಗ ಸೈನ್ ಹೋಗಿ ಕಾಸ್ ಆಗಬೇಕೆಂಬ ನಿಯಮ ಆ ಹೊತ್ತಿಗೆ ಮರೆತಿರುತ್ತದೆ.

ಆ ನಿಯಮವೇ ಬೇಡ. ಒಂದು ವೃತ್ತ ಬರೆದು, ಕೋನದ ಅಂತಿಮ ಭುಜ (ತಿರುಗಿ ಬಂದು ನಿಂತ ಗೆರೆ) ಎಲ್ಲಿ ಬಿತ್ತೆಂದು ನೋಡಿ, ಅಲ್ಲಿಂದ ಎಕ್ಸ್ ಅಕ್ಷಕ್ಕೆ ಇರುವ ಲಘುಕೋನ ಅಳೆದರೆ ಆಯಿತು. ಅದೇ ರೆಫರೆನ್ಸ್ ಆಂಗಲ್. ಅಳೆಯುವುದು ಯಾವಾಗಲೂ ಎಕ್ಸ್ ಅಕ್ಷದಿಂದ, ವೈ ಅಕ್ಷದಿಂದ ಅಲ್ಲವೇ ಅಲ್ಲ. 240 ಮೂರನೆಯ ಚತುರ್ಥಕದಲ್ಲಿದೆ. 180 ದಾಟಿ 60 ಹೋಗಿದೆ. ಸೈನ್ 60 ರೂಟ್ 3 ಬೈ 2. ಬಿಂದು ಎಕ್ಸ್ ಅಕ್ಷದ ಕೆಳಗಿರುವುದರಿಂದ ಮೈನಸ್. ಹೀಗೆ ಮಾಡಿದ ಮಗುವಿಗೆ ಕಾಸ್ 150, ಟ್ಯಾನ್ 300 ಯಾವುದೂ ಹೊಸ ಲೆಕ್ಕವಲ್ಲ.

ಇದು ಹೊರಗಿನಿಂದ ಬಂದ ಹೊಸ ಉಪಾಯ ಎಂದುಕೊಳ್ಳಬೇಕಾಗಿಲ್ಲ. ನಮ್ಮ ಜ್ಯೋತಿರ್ಗಣಿತದ ಜ್ಯಾ (ಅಂದರೆ ಸೈನ್) ಕೋಷ್ಟಕಗಳು 90 ಡಿಗ್ರಿಗೇ ಮುಗಿಯುತ್ತವೆ. ಆರ್ಯಭಟ ಕೊಟ್ಟದ್ದು 3 ಡಿಗ್ರಿ 45 ಕಲೆಗಳ (ಮಿನಿಟುಗಳ) ಅಂತರದಲ್ಲಿ 24 ಬೆಲೆಗಳಿಗೆ ಬೇಕಾದ ವ್ಯತ್ಯಾಸಗಳನ್ನು. ಗ್ರಹಗಳೋ ಪೂರ್ತಿ 360 ಸುತ್ತುತ್ತವೆ. ಅದಕ್ಕೆ ಹಳೆಯ ಜ್ಯೋತಿರ್ಗಣಿತ ಗ್ರಂಥ ಸೂರ್ಯಸಿದ್ಧಾಂತ ಹೇಳುವ ಕ್ರಮ ಇದು: ವೃತ್ತದ ನಾಲ್ಕು ಪದಗಳಲ್ಲಿ (ಚತುರ್ಥಕಗಳಲ್ಲಿ) ಒಂದು ಮತ್ತು ಮೂರರಲ್ಲಿ ದಾಟಿ ಬಂದ ಭಾಗ ತೆಗೆದುಕೋ, ಎರಡು ಮತ್ತು ನಾಲ್ಕರಲ್ಲಿ ಇನ್ನು ದಾಟಬೇಕಾದ ಭಾಗ ತೆಗೆದುಕೋ, ಅದರ ಜ್ಯಾ ನೋಡು. 210ಕ್ಕೆ ದಾಟಿದ್ದು 30. 150ಕ್ಕೆ ದಾಟಬೇಕಾದದ್ದು 30. ತರಗತಿಯಲ್ಲಿ ಇಷ್ಟು ಹೇಳಿದರೆ ಮಕ್ಕಳ ಕಣ್ಣರಳುತ್ತದೆ. ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಕಂಡಿದ್ದೇನೆ.

ಸಿಇಟಿಗೆ ಓದುವವರಿಗೆ ಚಿತ್ರ ಬರೆಯುತ್ತ ಕೂರಲು ಸಮಯವೆಲ್ಲಿ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಮೊದಲ ವಾರ ಬರೆದವರಿಗೆ ಆಮೇಲೆ ಬರೆಯಬೇಕಾಗಿಯೇ ಇಲ್ಲ, ಚಿತ್ರ ಮನಸ್ಸಿನಲ್ಲೇ ಮೂಡುತ್ತದೆ. ಫಿಸಿಕ್ಸ್‌ನಲ್ಲಿ ವೆಕ್ಟರ್‌ನ ದಿಕ್ಕು ಕಂಡುಹಿಡಿಯುವಾಗಲೂ ಅದೇ ಚಿತ್ರ ಕೈಹಿಡಿಯುತ್ತದೆ.

ಪುಸ್ತಕ ಬದಲಾಗುವವರೆಗೆ ಕಾಯಬೇಕಿಲ್ಲ. ಅಭ್ಯಾಸ 3.2 ಮುಗಿದ ದಿನ ಉಪನ್ಯಾಸಕರು ಸೈನ್ 210, ಕಾಸ್ 150, ಟ್ಯಾನ್ 300, ಕಾಸ್ ಮೈನಸ್ 240, ಇಂಥ ಹತ್ತು ಲೆಕ್ಕಗಳನ್ನು ಬೋರ್ಡಿನ ಮೇಲೆ ಕೊಡಲಿ, ಚಿತ್ರದೊಂದಿಗೇ ಬಿಡಿಸಿಕೊಂಡು ಬರಲು ಹೇಳಲಿ. ವಾರ್ಷಿಕ ಪರೀಕ್ಷೆಯಲ್ಲಿ ಇಂಥದೊಂದು ಪ್ರಶ್ನೆ ಕೇಳಿ, ಒಂದು ಅಂಕವನ್ನು ಚಿತ್ರಕ್ಕೇ ಮೀಸಲಿಡಬೇಕೆಂದು ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಗಣಿತ ಉಪನ್ಯಾಸಕಿ, ತಿಪಟೂರು