ಪುಟ್ಟಿಯ ಇನ್ಸುಲಿನ್ ನಿಲ್ಲಿಸಬೇಡಿ

ಟೊರೊಂಟೊ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ ನಮಸ್ಕಾರಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಇವರ ಕೆಲಸ ಚೆನ್ನಾಗಿ ನಡೆದಿದೆ. ಚಳಿ ಇನ್ನೂ ಬಿಟ್ಟಿಲ್ಲ. ಉಳಿದ ಸುದ್ದಿ ಆಮೇಲೆ.

ನಿನ್ನ ಪತ್ರ ಬಂತು, ಅಮ್ಮ. ಓದಿದ ಕೂಡಲೇ ಫೋನ್ ಎತ್ತಿಕೊಂಡೆ, ಮತ್ತೆ ಇಟ್ಟುಬಿಟ್ಟೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಿನ್ನ ದನಿ ಕೇಳಿ ನಾನೂ ಅಳುತ್ತೇನೆ, ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಗಳ ವಿಷಯವಾದ್ದರಿಂದ ಇದನ್ನು ಅಣ್ಣನೂ ಅತ್ತಿಗೆಯೂ ಓದಬೇಕು, ಶಾರದತ್ತೆಗೆ ನೀನೇ ಕೂತು ಓದಿ ಹೇಳಬೇಕು. ಎಲ್ಲಕ್ಕಿಂತ ಮೊದಲು ಇಷ್ಟು: ಪುಟ್ಟಿಗೆ ಇನ್ಸುಲಿನ್ ಒಂದು ಹೊತ್ತೂ ತಪ್ಪಬಾರದು. ಯಾರು ಏನೇ ಹೇಳಲಿ, ಎಷ್ಟೇ ದೊಡ್ಡವರು ಹೇಳಲಿ, ತಪ್ಪಬಾರದು.

ಶಾರದತ್ತೆ ತಂದುಕೊಟ್ಟ ಪುಡಿ ಶುರುಮಾಡಿದ ಮೇಲೆ ಸಕ್ಕರೆಯ ಮಟ್ಟ ಇಳಿದಿದೆ, ಡಾಕ್ಟರೇ ಇನ್ಸುಲಿನ್ ಪ್ರಮಾಣ ಅರ್ಧಕ್ಕೆ ಇಳಿಸಿದ್ದಾರೆ, ಹಾಗಾದರೆ ಇನ್ನು ಪೂರ್ತಿ ನಿಲ್ಲಿಸಿದರೆ ಆಗದೇ ಎಂದು ಕೇಳಿದ್ದೀಯ. ಆಗುವುದಿಲ್ಲ ಅಮ್ಮ. ಆ ಪುಡಿ ಇಲ್ಲದಿದ್ದರೂ ಪ್ರಮಾಣ ಇಳಿಯುತ್ತಿತ್ತು. ಹೊಸದಾಗಿ ಪುಟ್ಟಿಯಂಥ ಸಕ್ಕರೆ ಕಾಯಿಲೆ (ಟೈಪ್ 1 ಡಯಾಬಿಟಿಸ್) ಪತ್ತೆಯಾದ ಬಹಳಷ್ಟು ಮಕ್ಕಳಲ್ಲಿ ಇನ್ಸುಲಿನ್ ಆರಂಭಿಸಿದ ಕೆಲವು ವಾರಗಳಲ್ಲಿ ಹೀಗಾಗುತ್ತದೆ. ಪುಟ್ಟಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಬಹುಪಾಲು ನಾಶವಾಗಿವೆ, ಕೆಲವು ಮಾತ್ರ ಉಳಿದಿವೆ. ಹೊರಗಿನಿಂದ ಇನ್ಸುಲಿನ್ ಸಿಕ್ಕಿದಾಗ ಅವು, ನೊಗ ಇಳಿಸಿದ ಎತ್ತು ಚೇತರಿಸಿಕೊಳ್ಳುವಂತೆ, ಒಂದಿಷ್ಟು ಕಾಲ ಮತ್ತೆ ಕೆಲಸ ಮಾಡುತ್ತವೆ. ವೈದ್ಯರು ಇದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಅಪರೂಪಕ್ಕೆ ಅದಕ್ಕೂ ಹೆಚ್ಚು. ಆಮೇಲೆ ಅವೂ ನಿಲ್ಲುತ್ತವೆ. ಎಲ್ಲ ತಂದೆತಾಯಿಯರಿಗೂ ಆಸೆ ಚಿಗುರುವುದು ಈ ಕಾಲದಲ್ಲೇ, ಎಲ್ಲ ಊರುಗಳಲ್ಲೂ ಯಾರಾದರೊಬ್ಬರು ಔಷಧಿಯ ಪೊಟ್ಟಣ ಹಿಡಿದು ಬರುವುದೂ ಈ ಕಾಲದಲ್ಲೇ. ಕಾಯಿಲೆ ವಾಸಿಯಾಯಿತೆಂದು ಇಂಜೆಕ್ಷನ್ ನಿಲ್ಲಿಸಿದರೆ ದೇಹ ಕೊಬ್ಬನ್ನು ಕರಗಿಸತೊಡಗಿ ರಕ್ತದಲ್ಲಿ ಆಮ್ಲ ತುಂಬುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಆಮೇಲೆ ಮಂಪರು. ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಬರಬಹುದು. ಆ ಸ್ಥಿತಿಯಲ್ಲಿ ನಮ್ಮ ಆಸ್ಪತ್ರೆಯ ವಾರ್ಡಿಗೆ ಬಂದ ಮಕ್ಕಳ ಪಕ್ಕದಲ್ಲಿ ರಾತ್ರಿಯೆಲ್ಲ ನಿಂತವಳು ನಾನು. ಹೆದರಿಸಲು ಬರೆಯುತ್ತಿಲ್ಲ. ಹೆದರಬೇಡ. ಇನ್ಸುಲಿನ್ ನಡೆಯುತ್ತಿದ್ದರೆ, ಸಕ್ಕರೆ ನೋಡುತ್ತಿದ್ದರೆ ಭಯಪಡಬೇಕಾಗಿಲ್ಲ.

ಅಪ್ಪನ ಸಕ್ಕರೆ ಕಾಯಿಲೆ ಇಷ್ಟು ವರ್ಷಗಳಿಂದ ಮಾತ್ರೆಯಲ್ಲೇ ಹತೋಟಿಯಲ್ಲಿದೆ, ಮಗುವಿಗೇಕೆ ಸೂಜಿ ಎಂದೂ ಕೇಳಿದ್ದೀಯ. ಹೆಸರು ಒಂದೇ ಆದರೂ ಎರಡೂ ಬೇರೆ. ಅಪ್ಪನ ದೇಹದಲ್ಲಿ ಇನ್ಸುಲಿನ್ ಇದೆ, ಅದರ ಕೆಲಸ ಸರಿಯಾಗಿ ಆಗುತ್ತಿಲ್ಲ. ಮಾತ್ರೆ ಅದಕ್ಕೆ ನೆರವಾಗುತ್ತದೆ. ಪುಟ್ಟಿಯ ದೇಹದಲ್ಲಿ ಇನ್ಸುಲಿನ್ನೇ ಉಳಿಯುವುದಿಲ್ಲ. ಇನ್ಸುಲಿನ್ ಒಂದು ಪ್ರೋಟೀನ್, ಬಾಯಿಂದ ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ. ಅದಕ್ಕೇ ಚುಚ್ಚಬೇಕು.

ಇನ್ನು ಅತ್ತಿಗೆಯ ವಿಷಯ. ಬಸಿರಿನಲ್ಲಿ ಏನೋ ಪಥ್ಯ ಮುರಿದರು, ಮಗು ಕೇಳಿದಾಗಲೆಲ್ಲ ಸಿಹಿ ಕೊಟ್ಟರು ಎಂದು ಮನೆಗೆ ಬಂದವರೆಲ್ಲ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಬರೆದಿದ್ದೀಯ. ಆ ಮಾತು ನಮ್ಮ ಮನೆಯೊಳಗೆ ನಡೆಯಕೂಡದು ಅಮ್ಮ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ಆ ಜೀವಕೋಶಗಳ ಮೇಲೆ ಬಿದ್ದಿದೆ. ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ. ತಾಯಿ ಏನು ಮಾಡಿದ್ದರೂ, ಏನು ಬಿಟ್ಟಿದ್ದರೂ ತಡೆಯಲು ಆಗುತ್ತಿರಲಿಲ್ಲ. ಪುಟ್ಟಿ ನೀರು ನೀರು ಎಂದು ಕೊಡಗಟ್ಟಲೆ ಕುಡಿಯುವುದನ್ನೂ, ಎಂಟು ವರ್ಷದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡುವುದನ್ನೂ ಗಮನಿಸಿ, ಮಗು ಸಣ್ಣಗಾಗುತ್ತಿದೆ ಎಂದು ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದವರು ಅತ್ತಿಗೆ. ಅಂದು ಅವರು ಸುಮ್ಮನಿದ್ದಿದ್ದರೆ ಇಂದು ಈ ಪತ್ರ ಬೇರೆ ರೀತಿಯದಾಗಿರುತ್ತಿತ್ತು. ಯಾರಾದರೂ ಬಾಯಿಬಿಟ್ಟರೆ ಈ ಮಾತನ್ನು ನೀನೇ ಅವರ ಮುಖಕ್ಕೆ ಹೇಳು. ಅತ್ತೆಯ ಬಾಯಿಂದ ಬಂದರೆ ಅದರ ತೂಕವೇ ಬೇರೆ.

ಹೋದ ತಿಂಗಳು ನಮ್ಮ ವಾರ್ಡಿಗೆ ಒಬ್ಬಳು ಹುಡುಗಿ ಬಂದಿದ್ದಳು, ಸುಮಾರು ಪುಟ್ಟಿಯದೇ ವಯಸ್ಸು, ಪುಟ್ಟಿಯದೇ ಕಾಯಿಲೆ. ಹೆಸರು, ಊರು ಹೇಳುವಂತಿಲ್ಲ. ಇಲ್ಲಿ ಆ ನಿಯಮ ಬಹಳ ಕಟ್ಟುನಿಟ್ಟು, ಇರಬೇಕಾದ್ದೇ. ಮನೆಗೆ ಕಳಿಸುವ ಮೊದಲು ತಂದೆತಾಯಿ ಇಬ್ಬರೂ ಇಂಜೆಕ್ಷನ್ ಕೊಡುವುದನ್ನು ಕಲಿಯಬೇಕು. ತಂದೆ ಲಾರಿ ಓಡಿಸುವವರು, ಆಜಾನುಬಾಹು ಮನುಷ್ಯ. ಅವರ ಕೈಯಲ್ಲಿ ಸಿರಿಂಜ್ ನಿಲ್ಲುತ್ತಿರಲಿಲ್ಲ, ಅಷ್ಟು ನಡುಗುತ್ತಿತ್ತು. ಹುಡುಗಿ ಮಂಚದ ಮೇಲೆ ಕಾಲು ಮಡಿಚಿ ಕೂತು, "ಮೊದಲು ನೀನು ಚುಚ್ಚಿಕೋ, ನಾನು ನೋಡಬೇಕು" ಎಂದಳು. ಬರಿಯ ಸಲೈನ್ ತುಂಬಿದ ಸಿರಿಂಜ್ ಒಂದನ್ನು ಕೊಟ್ಟೆ. ಆತ ಅಂಗಿ ಎತ್ತಿ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಂಡರು. ಹುಡುಗಿ ರೆಪ್ಪೆ ಬಡಿಯದೆ ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಸೂಜಿಯ ಕಡೆ ನೋಡಲೇ ಇಲ್ಲ. "ನೋವಾಯಿತಾ?" ಎಂದಳು. "ಸ್ವಲ್ಪ ಆಯಿತು" ಎಂದರು. ಆಮೇಲೆ ಅವಳೇ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, "ಮೂರು ಎಣಿಸಿ ಚುಚ್ಚು" ಎಂದಳು.

ಇದನ್ನು ಇಷ್ಟುದ್ದ ಬರೆದದ್ದು ಏಕೆಂದರೆ, ನೀನು ಪುಟ್ಟಿಗೆ "ಇವತ್ತೊಂದೇ ದಿನ, ನಾಳೆ ಚುಚ್ಚುವುದಿಲ್ಲ" ಎಂದು ಸಮಾಧಾನ ಮಾಡುತ್ತೀಯಂತೆ. ಹಾಗೆ ಹೇಳಬೇಡ ಅಮ್ಮ. ಮಕ್ಕಳು ನೋವನ್ನು ತಡೆಯುತ್ತಾರೆ, ಸುಳ್ಳನ್ನು ಮರೆಯುವುದಿಲ್ಲ. ಸ್ವಲ್ಪ ನೋಯುತ್ತದೆ, ಬೇಗ ಮುಗಿಯುತ್ತದೆ, ದಿನವೂ ಬೇಕು ಎಂದು ಹೇಳು. ಯಾವ ಕಾಲಿಗೆ ಎಂಬುದನ್ನು ಅವಳೇ ಆರಿಸಲಿ. ದಿನವೂ ಒಂದೇ ಜಾಗ ಮಾತ್ರ ಬೇಡ, ಗಂಟು ಕಟ್ಟಿದರೆ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಆ ಹುಡುಗಿಯ ಅಣ್ಣನೂ ಬಂದಿದ್ದ. ಬಾಗಿಲ ಬಳಿಯೇ ನಿಂತಿರುತ್ತಿದ್ದ, ಒಳಗೆ ಬಾರದೆ. ಇಲ್ಲಿ ಆಟ ಆಡಿಸುತ್ತಲೇ ಮಕ್ಕಳ ಭಯ ಬಿಡಿಸುವುದಕ್ಕೆ ಓದಿ ತರಬೇತಿ ಪಡೆದವರಿದ್ದಾರೆ. ಅವರಲ್ಲೊಬ್ಬರು ಅವನ ಜೊತೆ ನೆಲದ ಮೇಲೆ ಕೂತು ಗೊಂಬೆಗೆ ಪಟ್ಟಿ ಕಟ್ಟುತ್ತಿದ್ದಾಗ ಬಾಯಿಬಿಟ್ಟ: ಜಗಳದಲ್ಲಿ ತಂಗಿಯನ್ನು ತಳ್ಳಿದ್ದೆ, ಅದರಿಂದ ಹೀಗಾಯಿತೇ ಎಂದು. ನಮ್ಮ ಚಿಂಟುವನ್ನು ಯಾರಾದರೂ ಕೇಳಿದ್ದೀರಾ? ಇಷ್ಟು ದಿನ ಎಲ್ಲರೂ ಪುಟ್ಟಿಯ ಸುತ್ತಲೇ ಇದ್ದೀರಿ. ಅವನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಇದು ಅಂಟುವ ಕಾಯಿಲೆಯಲ್ಲ, ನಿನ್ನಿಂದ ಬಂದದ್ದೂ ಅಲ್ಲ ಎಂದು ಅಣ್ಣನಿಗೆ ಹೇಳಲು ಹೇಳು.

ನೀನು ಕೇಳಿದ್ದು ನಿಜ, ನಮ್ಮ ವಾರ್ಡಿಗೆ ನಾಯಿ ಬರುತ್ತದೆ! ಕೊರಳಲ್ಲಿ ನಮ್ಮ ಹಾಗೆಯೇ ಗುರುತಿನ ಚೀಟಿ. ಮುಖ ಸಿಂಡರಿಸಬೇಡ. ಸ್ವಭಾವ ಪರೀಕ್ಷಿಸಿ, ಸ್ನಾನ ಮಾಡಿಸಿ ಕರೆತರುತ್ತಾರೆ, ಮುಟ್ಟಿದ ಮೇಲೆ ಎಲ್ಲರೂ ಕೈ ತೊಳೆಯಬೇಕು. ದಿನಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮಗು ಅದರ ಬೆನ್ನು ಸವರಲು ಎದ್ದು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೆಂಪು ಮೂಗಿನ ವಿದೂಷಕರೂ ಬರುತ್ತಾರೆ, ಮಗು ಬೇಡವೆಂದರೆ ಬಾಗಿಲಿಂದಲೇ ಹಿಂದಿರುಗುತ್ತಾರೆ. ದೀರ್ಘಕಾಲ ಇರುವ ಮಕ್ಕಳಿಗೆ ಒಂದೊಂದು ಚಿಕಿತ್ಸೆಗೆ ಒಂದೊಂದು ಬಣ್ಣದ ಮಣಿ. ಮಾರುದ್ದದ ಸರ ಕಟ್ಟಿಕೊಂಡ ಮಕ್ಕಳಿದ್ದಾರೆ. ಮಂಚದ ಪಕ್ಕದಲ್ಲೇ ತಾಯಿಯೋ ತಂದೆಯೋ ಮಲಗಲು ಜಾಗವಿದೆ. ಹಿಂದೆ ಹೀಗಿರಲಿಲ್ಲ. ಬ್ರಿಟನ್ನಿನಲ್ಲಂತೂ ತಂದೆತಾಯಿಯನ್ನು ವಾರಕ್ಕೊಮ್ಮೆ ಮಾತ್ರ ಒಳಗೆ ಬಿಡುತ್ತಿದ್ದ ಆಸ್ಪತ್ರೆಗಳಿದ್ದವು. ತಾಯಿಯನ್ನು ಕಂಡರೆ ಮಗು ಅಳುತ್ತದೆ ಎಂಬ ಕಾರಣಕ್ಕೆ! ಮಕ್ಕಳನ್ನು ನೋಡಲು ತಂದೆತಾಯಿಗೆ ಯಾವಾಗಲೂ ಅವಕಾಶವಿರಬೇಕು ಎಂದು 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ ಹೇಳಿತು. ಆದ್ದರಿಂದ ಅಮ್ಮ, ಅತ್ತಿಗೆ ಮನೆಗೆಲಸ ಬಿಟ್ಟು ಮಗುವಿನ ಬಳಿಯೇ ಕೂತಿರುತ್ತಾರೆಂದು ಬೇಸರ ಮಾಡಿಕೊಳ್ಳಬೇಡ. ರಾತ್ರಿ ಎದ್ದು ಸಕ್ಕರೆ ನೋಡುವವರೂ ಅವರೇ. ವಾರದಲ್ಲಿ ಒಂದೆರಡು ರಾತ್ರಿ ಅಣ್ಣ ಏಳಲಿ.

ಈಗ ನಿನ್ನ ನಿಜವಾದ ಚಿಂತೆಗೆ ಬರುತ್ತೇನೆ. ಯಾರಿಗೂ ಹೇಳಬೇಡ, ಹೆಣ್ಣುಮಗು, ನಾಳೆ ಯಾರು ಮದುವೆಯಾಗುತ್ತಾರೆ ಎಂದು ಬರೆದಿದ್ದೀಯ. ಆ ಸಾಲಿನ ಮೇಲೆ ಶಾಯಿ ಕದಡಿತ್ತು. ಒಂದು ಕಥೆ ಹೇಳುತ್ತೇನೆ, ನಡೆದದ್ದು. ಈ ಟೊರೊಂಟೊ ವಿಶ್ವವಿದ್ಯಾಲಯದಲ್ಲೇ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು. 1922ರ ಜನವರಿ 11ರಂದು ನಮ್ಮ ಆಸ್ಪತ್ರೆಯ ಕೂಗಳತೆಯಲ್ಲಿರುವ ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಚುಚ್ಚಿದರು. ಮೂವತ್ತು ಕಿಲೋ ತೂಕವೂ ಇರಲಿಲ್ಲ ಅವನು. ಆ ಮೊದಲ ಔಷಧಿ ಶುದ್ಧವಾಗಿರಲಿಲ್ಲ, ಹೆಚ್ಚು ಗುಣ ಕಾಣಲಿಲ್ಲ. ಕಾಲಿಪ್ ಎಂಬುವರು ಅದನ್ನು ಶುದ್ಧೀಕರಿಸಿಕೊಟ್ಟ ಮೇಲೆ 23ರಂದು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದಿಂದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಬಂದಳು. ಅವಳಿಗೆ 11ನೆಯ ವಯಸ್ಸಿನಲ್ಲಿ ಕಾಯಿಲೆ ಬಂದಿತ್ತು. ಆಗ ಇದ್ದ ಚಿಕಿತ್ಸೆ ಎಂದರೆ ಉಪವಾಸ ಕೆಡವುವುದೊಂದೇ. ಬಂದಾಗ ಹದಿನೈದು ತುಂಬುತ್ತಿದ್ದ ಹುಡುಗಿಯ ತೂಕ ಸುಮಾರು 20 ಕಿಲೋ. ಬ್ಯಾಂಟಿಂಗ್ ಇನ್ಸುಲಿನ್ ಶುರುಮಾಡಿದರು. ಅವಳು ಕಾಲೇಜು ಓದಿದಳು, 1930ರಲ್ಲಿ ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು, 1981ರಲ್ಲಿ 73ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಕ್ಕರೆ ನೋಡುವ ಪುಟ್ಟ ಯಂತ್ರ ಮನೆಮನೆಗೆ ಇರದಿದ್ದ ಕಾಲದಲ್ಲಿ! ನಮ್ಮ ಪುಟ್ಟಿಗೆ ಎಷ್ಟು ಅನುಕೂಲವಿದೆ ನೋಡು.

ಅವಳಿಗೆ ಗಂಡು ಹುಡುಕುವ ಕಾಲಕ್ಕೆ ಇನ್ನೂ ಎಷ್ಟೋ ವರ್ಷಗಳಿವೆ. ಆ ಚಿಂತೆಗಾಗಿ ಇಂದು ಶಾಲೆಯಲ್ಲಿ ವಿಷಯ ಮುಚ್ಚಿಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಟೀಚರಿಗೆ ತಿಳಿಯಲೇಬೇಕು. ಸಕ್ಕರೆ ತೀರಾ ಇಳಿದರೆ ಪುಟ್ಟಿ ನಡುಗುತ್ತಾಳೆ, ಬೆವರುತ್ತಾಳೆ, ಕಾರಣವಿಲ್ಲದೆ ಸಿಡುಕುತ್ತಾಳೆ, ಮಂಕಾಗುತ್ತಾಳೆ. 70ಕ್ಕಿಂತ ಕೆಳಗಿಳಿದರೆ ತಡಮಾಡದೆ ಗ್ಲೂಕೋಸ್ ಅಥವಾ ಸಕ್ಕರೆ ಕೊಡಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಓಡಬೇಕು. ಇದು ತಿಳಿಯದ ಟೀಚರು, ಹುಡುಗಿ ತೂಕಡಿಸುತ್ತಿದ್ದಾಳೆಂದು ಬೆಂಚಿನ ಮೇಲೆ ನಿಲ್ಲಿಸಿದರೆ? ಅಣ್ಣ ನಾಳೆಯೇ ಶಾಲೆಗೆ ಹೋಗಲಿ, ಡಾಕ್ಟರ ಚೀಟಿಯ ಒಂದು ಪ್ರತಿ ಅಲ್ಲಿರಲಿ, ಪುಟ್ಟಿಯ ಚೀಲದಲ್ಲಿ ಯಾವಾಗಲೂ ಗ್ಲೂಕೋಸ್ ಇರಲಿ.

ತೋಟ ಮಾರಿ ಅವಳನ್ನು ಇಲ್ಲಿಗೆ ಕರೆತರುವ ಮಾತನ್ನು ಅಪ್ಪ ಬಿಟ್ಟುಬಿಡಬೇಕು. ಇಲ್ಲಿ ಕೊಡುವುದೂ ಇನ್ಸುಲಿನ್ನೇ, ಅಲ್ಲಿ ಕೊಡುವುದೂ ಇನ್ಸುಲಿನ್ನೇ. ಅವಳನ್ನು ನೋಡುತ್ತಿರುವ ಡಾಕ್ಟರು ಬರೆದಿರುವ ಚೀಟಿಯನ್ನು ಅಣ್ಣ ಫೋಟೊ ತೆಗೆದು ಕಳಿಸಿದ್ದ. ನಮ್ಮಲ್ಲಿ ಮಾಡುವುದನ್ನೇ ಅವರೂ ಮಾಡುತ್ತಿದ್ದಾರೆ. ಸಕ್ಕರೆ ತೋರಿಸಲು ತೋಳಿಗೆ ಅಂಟಿಸುವ ಸೆನ್ಸರ್, ಇನ್ಸುಲಿನ್ ಪಂಪ್ ಇವೆಲ್ಲ ಇದ್ದರೆ ಅನುಕೂಲ, ಇಲ್ಲದಿದ್ದರೆ ಮಗು ಬದುಕುವುದಿಲ್ಲ ಎಂದೇನೂ ಇಲ್ಲ. ಸಕ್ಕರೆ ನೋಡುವ ಸ್ಟ್ರಿಪ್‌ಗಳ ಖರ್ಚು ಪ್ರತಿ ತಿಂಗಳೂ ನನ್ನದು. ಇವರೂ ಒಪ್ಪಿದ್ದಾರೆ, ಅವರೇ ಮೊದಲು ಹೇಳಿದ್ದು. ಅಣ್ಣ ಸಂಕೋಚಪಡಬಾರದು.

ಇನ್ನೆರಡು ಮಾತು. ತೆರೆಯದ ಬಾಟಲಿಗಳು ಫ್ರಿಜ್ಜಿನ ಕೆಳಗಿನ ಭಾಗದಲ್ಲಿರಲಿ, ಮಂಜುಗಟ್ಟುವಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆದುಬಿಡಿ. ಕರೆಂಟು ಬಹಳ ಹೊತ್ತು ಹೋದರೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೀರಿನ ಮಣ್ಣಿನ ಮಡಕೆಯಲ್ಲಿಟ್ಟರೂ ತಂಪಾಗಿರುತ್ತದೆ. ಜ್ವರ ಬಂದು ಊಟ ಸೇರದ ದಿನವೂ ಇಂಜೆಕ್ಷನ್ ತಾವಾಗಿಯೇ ನಿಲ್ಲಿಸಬಾರದು. ಎಷ್ಟು ಕೊಡಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು.

ಶಾರದತ್ತೆಯ ಮೇಲೆ ನನಗೆ ಸಿಟ್ಟಿಲ್ಲ, ಮಗುವಿನ ಮೇಲಿನ ಪ್ರೀತಿಯಿಂದಲೇ ತಂದಿದ್ದಾರೆ. ಆ ಪುಡಿಯಲ್ಲಿ ಏನಿದೆಯೋ ಯಾರಿಗೂ ತಿಳಿಯದು, ಅದನ್ನು ನಿಲ್ಲಿಸಿ, ಕೊಟ್ಟಿದ್ದೆವೆಂದು ಡಾಕ್ಟರಿಗೆ ತಪ್ಪದೆ ತಿಳಿಸಿ. ಎಲ್ಲ ಸರಿಹೋಗುತ್ತದೆ ಅಮ್ಮ. ನೀನು ನಿದ್ದೆಗೆಡಬೇಡ, ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಸ್ವಲ್ಪ ದಪ್ಪವೂ ಆಗಿದ್ದೇನೆ, ನನ್ನ ಚಿಂತೆ ಬೇಡವೇ ಬೇಡ.

ರಾತ್ರಿ ಪಾಳಿಗೆ ಹೊತ್ತಾಯಿತು, ಇವರು ಕಾರು ಹೊರಗೆ ತೆಗೆದಿದ್ದಾರೆ. ಬುಧವಾರ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಅಣ್ಣ ಶಾಲೆಗೆ ಹೋಗಿ ಬಂದಿರಲಿ. ಅಪ್ಪನಿಗೆ, ಅತ್ತಿಗೆಗೆ, ಚಿಂಟುವಿಗೆ ನೆನಪು ಹೇಳು, ಪುಟ್ಟಿಗೆ ಮುತ್ತು.

ನಿನ್ನ ಮಗಳು,
ಸುಮಾ