ಅಮೆರಿಕದ ಎರಡನೇ ಹೆಸರು: ಯಾವ ರಾಜ್ಯದವರು ಎಂದು ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

2028ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಯಾರ ಜೊತೆ ಯಾರು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಬಹುದು ಎಂಬ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಪೆನ್ಸಿಲ್ವೇನಿಯಾದವರನ್ನು ಹಾಕಿಕೊಂಡರೆ ಆ ರಾಜ್ಯ ಗೆದ್ದ ಹಾಗೆ, ಮಹಿಳೆಯನ್ನು ಹಾಕಿಕೊಂಡರೆ ಮಹಿಳೆಯರ ವೋಟು ಬಂದ ಹಾಗೆ, ಹೀಗೇ ಸಾಗಿತ್ತು. ನಮ್ಮ ಕಡೆ ಟಿಕೆಟ್ ಹಂಚುವಾಗ ಹಾಕುವ ಲೆಕ್ಕವನ್ನೇ ಅಲ್ಲಿಗೂ ಹಾಕಿದ್ದಾರೆ. ಓದೋಕೆ ಮಜವಾಗಿತ್ತು, ಸುಳ್ಳು ಹೇಳಬಾರದು. ಆದರೆ ಕೇಳಲೇಬೇಕಾದ ಪ್ರಶ್ನೆ ಅದರಲ್ಲಿ ಎಲ್ಲೂ ಕಾಣಲಿಲ್ಲ. ಅಧ್ಯಕ್ಷರಿಗೆ ಏನಾದರೂ ಆಗಿಬಿಟ್ಟರೆ, ಈ ಮನುಷ್ಯ ಮಾರನೇ ದಿನ ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಬಲ್ಲರೇ?

ಇದು ಅಪರೂಪದ ಸಂಗತಿಯೇನಲ್ಲ. ಅಲ್ಲಿ ಇಲ್ಲಿಯವರೆಗೆ 50 ಜನ ಉಪಾಧ್ಯಕ್ಷರಾಗಿದ್ದಾರೆ. ಅವರಲ್ಲಿ 9 ಜನ ಅವಧಿಯ ನಡುವೆಯೇ ಅಧ್ಯಕ್ಷರಾದರು. ಎಂಟು ಸಲ ಅಧ್ಯಕ್ಷರು ತೀರಿಕೊಂಡಿದ್ದರು, 1974ರಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟಿದ್ದರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಅಂದ ಹಾಗಾಯಿತು.

ನಮ್ಮ ಉಪರಾಷ್ಟ್ರಪತಿ ಹುದ್ದೆಯನ್ನು ನೋಡಿ ಅಭ್ಯಾಸವಾದವರಿಗೆ ಇದರ ತೂಕ ಬೇಗ ಗೊತ್ತಾಗುವುದಿಲ್ಲ. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ನಮ್ಮ ಜಮಖಂಡಿಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಆರು ತಿಂಗಳೊಳಗೆ ಚುನಾವಣೆ ಆಗಬೇಕು ಎಂದು ಸಂವಿಧಾನವೇ ಹೇಳುತ್ತದೆ. ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಬಂದರು, ಜತ್ತಿಯವರು ತಮ್ಮ ಹಳೇ ಹುದ್ದೆಗೆ ಮರಳಿದರು. ಅಮೆರಿಕದಲ್ಲಿ ಹಾಗಿಲ್ಲ. ಅಧ್ಯಕ್ಷರು ಹೋದರೆ ಉಪಾಧ್ಯಕ್ಷರೇ ಅಧ್ಯಕ್ಷರು. ಉಳಿದ ಅವಧಿ ಪೂರ್ತಿ ಅವರದ್ದೇ, ಜನರನ್ನು ಮತ್ತೆ ಕೇಳುವಂತಿಲ್ಲ.

1944ರಲ್ಲಿ ಏನಾಯಿತು ನೋಡಿ. ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕನೇ ಸಲ ನಿಲ್ಲುತ್ತಿದ್ದರು. ಆ ವರ್ಷ ಮಾರ್ಚ್‌ನಲ್ಲೇ ಹೃದಯದ ಡಾಕ್ಟರು ಪರೀಕ್ಷೆ ಮಾಡಿ ಹೃದಯ ಸೋತಿದೆ, ಬಿಪಿ ವಿಪರೀತ ಇದೆ ಎಂದು ಕಂಡುಕೊಂಡಿದ್ದರು. ಜನರಿಗೆ ಅದನ್ನು ಹೇಳಲಿಲ್ಲ. ಪಕ್ಷದ ದೊಡ್ಡವರಿಗೆ ಮಾತ್ರ ಅಂದಾಜಿತ್ತು. ಈ ಸಲ ಆರಿಸುತ್ತಿರುವುದು ಮುಂದಿನ ಅಧ್ಯಕ್ಷರನ್ನೇ ಎಂದು ತಿಳಿದೇ ಅವರು ಹಾಲಿ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್ ಅವರನ್ನು ಬದಿಗೆ ಸರಿಸಿದರು. ಮಿಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್ ಹೆಸರು ಬಂತು. ಅವರಿಗೆ ಮನಸ್ಸಿರಲಿಲ್ಲ. ಪಕ್ಷದ ದೊಡ್ಡವರು ಶಿಕಾಗೋದ ಹೋಟೆಲ್ ರೂಮಿನಲ್ಲಿ ಅವರನ್ನು ಕೂರಿಸಿಕೊಂಡು, ಅವರಿಗೂ ಕೇಳಿಸುವ ಹಾಗೆ ರೂಸ್‌ವೆಲ್ಟ್ ಜೊತೆ ಫೋನಿನಲ್ಲಿ ಮಾತಾಡಿದರು. ಯುದ್ಧದ ನಡುವೆ ಪಕ್ಷ ಒಡೆಯಬೇಕೆಂದಿದ್ದರೆ ಆ ಹೊಣೆ ಅವನದೇ ಎಂದರಂತೆ ರೂಸ್‌ವೆಲ್ಟ್. ಟ್ರೂಮನ್ ಒಪ್ಪಿಕೊಂಡರು.

ಇಷ್ಟೆಲ್ಲ ಮಾಡಿ ಆರಿಸಿದವರನ್ನು ಆಮೇಲೆ ತಯಾರು ಮಾಡಿದರಾ? ಅದೂ ಇಲ್ಲ. ಉಪಾಧ್ಯಕ್ಷರಾಗಿದ್ದ 82 ದಿನಗಳಲ್ಲಿ ಟ್ರೂಮನ್‌ಗೆ ರೂಸ್‌ವೆಲ್ಟ್ ಕಣ್ಣಿಗೆ ಬಿದ್ದದ್ದೇ ಕಡಿಮೆ. 1945ರ ಏಪ್ರಿಲ್ 12ರ ಸಂಜೆ ಸ್ಪೀಕರ್ ಕೊಠಡಿಯಲ್ಲಿದ್ದ ಟ್ರೂಮನ್‌ಗೆ ಶ್ವೇತಭವನದಿಂದ ಕರೆ ಬಂತು. ಹೋದರೆ, ಅಧ್ಯಕ್ಷರು ಹೋಗಿಬಿಟ್ಟರು ಎಂದು ಅವರ ಪತ್ನಿ ಎಲೆನಾರ್ ರೂಸ್‌ವೆಲ್ಟ್ ಹೇಳಿದರು. ಪ್ರಮಾಣವಚನ ಮುಗಿದ ಮೇಲೆ ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಹತ್ತಿರ ಬಂದು, ಒಂದು ಹೊಸ ಸ್ಫೋಟಕ ತಯಾರಾಗುತ್ತಿದೆ ಎಂದಷ್ಟೇ ಹೇಳಿ ಹೋದರು. ಪೂರ್ತಿ ವಿವರ ಸಿಕ್ಕಿದ್ದು ಏಪ್ರಿಲ್ 25ಕ್ಕೆ. ಸೆನೆಟರ್ ಆಗಿದ್ದಾಗ ಯುದ್ಧದ ಖರ್ಚಿನ ತನಿಖೆ ಮಾಡುತ್ತಾ ಇದೇ ಅಣುಬಾಂಬ್ ಯೋಜನೆಯ ಹತ್ತಿರ ಬಂದಿದ್ದರು, ಇದನ್ನು ಕೆದಕಬೇಡಿ ಎಂದು ಇದೇ ಸ್ಟಿಮ್ಸನ್ ತಡೆದಿದ್ದರು! ಆಗಸ್ಟ್ 6ಕ್ಕೆ ಹಿರೋಶಿಮಾ ಮೇಲೆ ಬಾಂಬ್ ಬಿತ್ತು. ನಾಲ್ಕು ತಿಂಗಳೂ ಆಗಿರಲಿಲ್ಲ.

ಇನ್ನು ಆ ವೋಟಿನ ಲೆಕ್ಕ. ಅದಾದರೂ ಸರಿಯಾಗಿ ಕೂಡುತ್ತದೆಯಾ? ಎಲ್ಲರೂ 1960ರ ಉದಾಹರಣೆ ಕೊಡುತ್ತಾರೆ. ಕೆನಡಿ ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ಹಾಕಿಕೊಂಡರು, ಸುಮಾರು 46 ಸಾವಿರ ವೋಟುಗಳಲ್ಲಿ ಟೆಕ್ಸಾಸ್ ಗೆದ್ದರು. ಸರಿ. ಅದೇ ಟೆಕ್ಸಾಸ್‌ನ ಲಾಯ್ಡ್ ಬೆಂಟ್ಸನ್ 1988ರಲ್ಲಿ ಅಧ್ಯಕ್ಷ ಅಭ್ಯರ್ಥಿ ಡುಕಾಕಿಸ್ ಜೊತೆಗಿದ್ದರು, ರಾಜ್ಯ ಕೈತಪ್ಪಿತು. 2004ರಲ್ಲಿ ನಾರ್ತ್ ಕೆರೊಲಿನಾದ ಎಡ್ವರ್ಡ್ಸ್, 2012ರಲ್ಲಿ ವಿಸ್ಕಾನ್ಸಿನ್‌ನ ಪಾಲ್ ರಯಾನ್, ಇಬ್ಬರೂ ತಮ್ಮ ರಾಜ್ಯ ತಂದುಕೊಡಲಿಲ್ಲ. 1984ರಲ್ಲಿ ಜೆರಾಲ್ಡಿನ್ ಫೆರಾರೊ ದೊಡ್ಡ ಪಕ್ಷವೊಂದರ ಮೊದಲ ಮಹಿಳಾ ಉಪಾಧ್ಯಕ್ಷ ಅಭ್ಯರ್ಥಿ. ಅವರಿದ್ದ ಜೋಡಿ 49 ರಾಜ್ಯಗಳಲ್ಲಿ ಸೋತಿತು. ಜನ ವೋಟು ಹಾಕುವುದು ಮೊದಲನೇ ಹೆಸರು ನೋಡಿ, ಅಷ್ಟೇ.

ಅವಸರದಲ್ಲಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ 1972 ಇದೆ. ಬೇರೆಯವರು ಒಲ್ಲೆ ಎಂದ ಮೇಲೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಕೊನೇ ಗಳಿಗೆಯಲ್ಲಿ ಸೆನೆಟರ್ ಥಾಮಸ್ ಈಗಲ್ಟನ್‌ಗೆ ಫೋನ್ ಮಾಡಿದರು. ಎರಡು ಮಾತಿನಲ್ಲಿ ಮುಗಿಯಿತು. ಅವರು ಖಿನ್ನತೆಗೆ ಆಸ್ಪತ್ರೆ ಸೇರಿ ಶಾಕ್ ಚಿಕಿತ್ಸೆ ಪಡೆದಿದ್ದರು ಎಂಬುದು ಆಮೇಲೆ ಹೊರಬಂತು, 18 ದಿನಕ್ಕೆ ಹಿಂದೆ ಸರಿಯಬೇಕಾಯಿತು. ಚಿಕಿತ್ಸೆ ಪಡೆದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಕೂತು ಮಾತಾಡೋಕೆ ಪುರುಸೊತ್ತೇ ಇಲ್ಲದ ಹಾಗೆ ಆರಿಸಿದ್ದು ತಪ್ಪು. 1976ರಲ್ಲಿ ಜಿಮ್ಮಿ ಕಾರ್ಟರ್ ಅದರಿಂದ ಪಾಠ ಕಲಿತರು. ಹಣಕಾಸು, ಆರೋಗ್ಯ ಎಲ್ಲ ಮೊದಲೇ ವಿಚಾರಿಸಿ, ಕೆಲವರನ್ನು ಜಾರ್ಜಿಯಾದ ತಮ್ಮ ಊರು ಪ್ಲೇನ್ಸ್‌ಗೆ ಕರೆಸಿ ಮಾತಾಡಿ, ವಾಲ್ಟರ್ ಮಾಂಡೇಲ್ ಅವರನ್ನು ಆರಿಸಿದರು. ಗೆದ್ದ ಮೇಲೆ ಶ್ವೇತಭವನದಲ್ಲಿ ಅಧ್ಯಕ್ಷರ ಕಚೇರಿ ಇರುವ ವೆಸ್ಟ್ ವಿಂಗ್‌ನಲ್ಲೇ ಅವರಿಗೆ ಕಚೇರಿ ಕೊಟ್ಟರು, ವಾರಕ್ಕೊಮ್ಮೆ ಜೊತೆಗೆ ಊಟಕ್ಕೆ ಕೂರುತ್ತಿದ್ದರು. ಟ್ರೂಮನ್‌ಗೆ ಆದದ್ದನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ. (ವಿಚಾರಣೆ ಜೋರಾಗಿದ್ದರೂ ತಮಾಷೆ ತಪ್ಪಲಿಲ್ಲ. 2000ದಲ್ಲಿ ಬುಷ್‌ಗೆ ಉಪಾಧ್ಯಕ್ಷ ಅಭ್ಯರ್ಥಿ ಹುಡುಕುವ ಹೊಣೆ ಡಿಕ್ ಚೀನಿ ಅವರದಾಗಿತ್ತು. ಕೊನೆಗೆ ಅಭ್ಯರ್ಥಿಯಾದವರು ಚೀನಿಯವರೇ!)

ನಮ್ಮ ಪತ್ರಿಕೆಗಳ ಬಗ್ಗೆಯೂ ಒಂದು ಮಾತು. 2020ರಲ್ಲಿ ಕಮಲಾ ಹ್ಯಾರಿಸ್ ಹೆಸರು ಬಂದಾಗ ಎಲ್ಲರೂ ಓಡಿದ್ದು ತಮಿಳುನಾಡಿನ ತುಳಸೇಂದ್ರಪುರಕ್ಕೆ, ಅಜ್ಜನ ಊರಿನ ಪೂಜೆ, ಬ್ಯಾನರ್ ಫೋಟೋ ಹಾಕೋಕೆ. 2024ರಲ್ಲಿ ಜೆ.ಡಿ. ವ್ಯಾನ್ಸ್ ಹೆಸರು ಬಂದಾಗ ಅವರ ಹೆಂಡತಿ ಉಷಾ ಅವರ ಕಡೆಯ ಆಂಧ್ರದ ಊರು ಹುಡುಕಿದರು. ಇಬ್ಬರೂ ರಾಜಕೀಯವಾಗಿ ಏನು ಹೇಳುತ್ತಾರೆ, ಏನು ಮಾಡಿದ್ದಾರೆ ಎಂದು ಬರೆದದ್ದು ಅದರ ಕಾಲು ಭಾಗವೂ ಇರಲಿಲ್ಲ ಅನ್ನಿಸುತ್ತದೆ. 2024ರ ಜುಲೈ 21ರಂದು ಬೈಡನ್ ಕಣದಿಂದ ಸರಿದಾಗ ಪಕ್ಷ ನೇರ ತಿರುಗಿದ್ದು ಹ್ಯಾರಿಸ್ ಕಡೆಗೆ. ನಾಲ್ಕು ವರ್ಷ ಹಿಂದೆ ಬೈಡನ್ ಒಬ್ಬರು ಮಾಡಿದ ಆಯ್ಕೆ ಇಡೀ ಪಕ್ಷದ ಆಯ್ಕೆಯಾಯಿತು. ಅಲ್ವಾ?

ಬೈಡನ್ 2021ರಲ್ಲಿ, ಟ್ರಂಪ್ 2025ರಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಇಬ್ಬರಿಗೂ 78 ವರ್ಷ. ಇಷ್ಟು ವಯಸ್ಸಿನವರು ನಿಲ್ಲುವ ಕಾಲದಲ್ಲಿ ಎರಡನೇ ಹೆಸರನ್ನು ಹಗುರವಾಗಿ ನೋಡುವ ಹಾಗಿಲ್ಲ.

ಹಾಗಾಗಿ ಒಂದು ಕೋರಿಕೆ. 2028ರಲ್ಲಿ ಹೆಸರುಗಳು ಹೊರಬಿದ್ದ ದಿನ, ಯಾವ ರಾಜ್ಯ, ಯಾವ ಜಾತಿ-ಧರ್ಮ ಎಂಬುದರ ಜೊತೆಗೆ, ಅವರು ಈವರೆಗೆ ಯಾವ ಆಡಳಿತ ನಡೆಸಿದ್ದಾರೆ, ಯುದ್ಧ, ವೀಸಾ, ಸುಂಕದ ವಿಷಯದಲ್ಲಿ ಯಾವ ಕಡೆ ವೋಟು ಹಾಕಿದ್ದಾರೆ ಎಂಬುದನ್ನೂ ಅಚ್ಚು ಮಾಡಿ. ಅಲ್ಲಿ ನೆಲೆಸಿರುವ ಸಾವಿರಾರು ಕನ್ನಡಿಗರ ಮನೆಯವರಿಗೆ ಬೇಕಾಗಿರುವುದು ಅದು. ಉಪಾಧ್ಯಕ್ಷ ಅಭ್ಯರ್ಥಿಗಳ ಡಿಬೇಟ್ ಸಾಮಾನ್ಯವಾಗಿ ನಡೆಯುವುದೇ ಒಂದು ಸಲ. ಮುಂದಿನ ಸಲ ಅದನ್ನು ಒಳಪುಟದ ಮೂಲೆಗೆ ತಳ್ಳದೆ, ಪ್ರಶ್ನೆ-ಉತ್ತರ ಸಮೇತ ಹಾಕಿ.

ಇಂತಿ,
ನಿಮ್ಮ ಓದುಗ,
ಮೈಸೂರು