ಜನರೇಟರ್ ಹಾಡಿಗೆ ಬಂತು, ಮೀನಿಗೆ ಬರಲಿಲ್ಲ

ಇಂದ,
ಇಬ್ಬರು ಮಕ್ಕಳ ತಾಯಿ,
ಕೋಲಾರ

ಗೆ,
ವ್ಯವಸ್ಥಾಪಕರು,
ಕೋಲಾರದಲ್ಲಿ ನಡೆಯುತ್ತಿರುವ ಮೀನು ಪ್ರದರ್ಶನ

ವಿಷಯ: ಕರೆಂಟ್ ಹೋದಾಗ ಮೀನಿನ ತೊಟ್ಟಿಗಳಿಗೆ ಗಾಳಿ ನಿಂತುಹೋದ ಬಗ್ಗೆ, ಮತ್ತು ಶಾರ್ಕ್ ಇದೆ ಎಂದು ಹೇಳಿ ಟಿಕೆಟ್ ಮಾರಿದ ಬಗ್ಗೆ ದೂರು

ಮಾನ್ಯರೇ,

ಕಳೆದ ಭಾನುವಾರ ಸಂಜೆ ನಾವು ಮನೆಯವರೆಲ್ಲ ನಿಮ್ಮ ಪ್ರದರ್ಶನಕ್ಕೆ ಬಂದಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ನಮ್ಮಪ್ಪ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ದೊಡ್ಡವರಿಗೆ 150 ರೂಪಾಯಿ, ಮಕ್ಕಳಿಗೆ 100. ಒಟ್ಟು 800 ರೂಪಾಯಿ ಕೊಟ್ಟು ಒಳಗೆ ಹೋದೆವು. ದುಡ್ಡಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆರೂವರೆ ಗಂಟೆಗೆ ಏನಾಯಿತು ಅನ್ನುವುದನ್ನು ಹೇಳಬೇಕು.

ನಾವು ಗಾಜಿನ ಸುರಂಗ ದಾಟಿ, ಗೋಲ್ಡ್‌ಫಿಶ್ ತೊಟ್ಟಿಗಳ ಸಾಲಿಗೆ ಬಂದಿದ್ದೆವು. ಕರೆಂಟ್ ಹೋಯಿತು. ಮಕ್ಕಳೆಲ್ಲ ಹೋ ಎಂದು ಕೂಗಿದರು. ಒಂದು ನಿಮಿಷವೂ ಆಗಿರಲಿಲ್ಲ, ಹೊರಗೆ ಜನರೇಟರ್ ಶುರುವಾಯಿತು. ದೀಪ ಹತ್ತಿಕೊಂಡಿತು. ಸ್ಪೀಕರ್‌ನಲ್ಲಿ ಹಾಡು ಮತ್ತೆ ಬಂತು. ಮೂಲೆಯಲ್ಲಿದ್ದ ಪಾಪ್‌ಕಾರ್ನ್ ಮೆಷಿನ್ ಕೂಡ ತಿರುಗತೊಡಗಿತು. ಆದರೆ ಆ ಸಾಲಿನ ಮೂರು ತೊಟ್ಟಿಗಳಲ್ಲಿ ಗಾಳಿಯ ಗುಳ್ಳೆ ಮಾತ್ರ ಬರಲೇ ಇಲ್ಲ.

ಅಷ್ಟೊಂದು ಮೀನು ತುಂಬಿದ ತೊಟ್ಟಿ ಅದು. ಹದಿನೈದು ಇಪ್ಪತ್ತು ನಿಮಿಷಕ್ಕೆಲ್ಲ ಮೀನುಗಳು ಒಂದೊಂದಾಗಿ ಮೇಲಕ್ಕೆ ಬಂದವು. ಎಲ್ಲವೂ ತಲೆ ಮೇಲೆ ಮಾಡಿ, ಬಾಯಿ ನೀರಿನ ಮಟ್ಟಕ್ಕೆ ತಂದು, ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಮೈಕ್ ಹಿಡಿದಿದ್ದ ನಿಮ್ಮವರು, "ನೋಡಿ ಮಕ್ಳೇ, ಮೀನು ಹಾಡಿಗೆ ಡ್ಯಾನ್ಸ್ ಮಾಡ್ತಾ ಇದಾವೆ" ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಮಗಳೂ ತಟ್ಟಿದಳು. ನಮ್ಮಪ್ಪ ಮಾತ್ರ ಗಾಜಿನ ಹತ್ತಿರ ಹೋಗಿ ಬಗ್ಗಿ ನೋಡಿ, "ಇದು ಡ್ಯಾನ್ಸ್ ಅಲ್ಲಮ್ಮ, ಉಸಿರು ಸಿಗ್ತಾ ಇಲ್ಲ ಅವಕ್ಕೆ" ಅಂದರು.

ನಮ್ಮಪ್ಪ ಸುಮ್ನೆ ಹೇಳುವವರಲ್ಲ. ಹನ್ನೆರಡು ವರ್ಷ ಊರ ಕೆರೆಯ ಮೀನು ಗುತ್ತಿಗೆ ಹಿಡಿದವರು. ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟು ಬೆಳೆಸಿದವರು. ಕೆರೆಯಲ್ಲಿ ಪಾಚಿ ಜಾಸ್ತಿಯಾದರೆ ಬೆಳಗಿನ ಜಾವ ಹೀಗೇ ಆಗುತ್ತದೆ. ಹಗಲಲ್ಲಿ ಬಿಸಿಲಿಗೆ ಪಾಚಿಯೇ ಆಮ್ಲಜನಕ ಬಿಡುತ್ತದೆ, ರಾತ್ರಿಯಾದರೆ ಅದೂ ಮೀನಿನ ಹಾಗೆ ಆಮ್ಲಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ನೀರಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಅಪ್ಪ ಮತ್ತು ಆಳುಗಳು ಬಿದಿರು ಕೋಲು ಹಿಡಿದು ನೀರು ಬಡಿಯುತ್ತಿದ್ದರು. ನೀರು ಕಲಕಿದರೆ ಗಾಳಿ ಸೇರುತ್ತದೆ, ಅದಕ್ಕೆ. ಒಂದು ಸಲ ಮೋಡ ಕವಿದ ವಾರದಲ್ಲಿ ತಡವಾಗಿ ನೋಡಿದ್ದರಿಂದ ಅರ್ಧ ಕೆರೆ ಮೀನು ಹೋಯಿತು. ಅಪ್ಪ ಎರಡು ದಿನ ಊಟ ಮಾಡಲಿಲ್ಲ. ಆ ಬಾಯಿ ಬಿಡುವ ಮೀನು ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳುತ್ತೇನೆ. ಮೀನು ಮೇಲೆ ಬಂದರೆಲ್ಲ ತೊಂದರೆ ಅಂತಲ್ಲ. ನಿಮ್ಮ ಸುರಂಗದಲ್ಲಿದ್ದ ಅರಪೈಮಾ ಆಗಾಗ ಮೇಲೆ ಬಂದು ಬಾಯಿ ತೆರೆದು ಹೋಗುತ್ತಿತ್ತು. ಅದು ಅಮೆಜಾನ್ ನದಿಯ ಮೀನು. ಹೊರಗಿನ ಗಾಳಿ ಕುಡಿಯದೆ ಅದು ಬದುಕುವುದಿಲ್ಲ. ನಮ್ಮ ಕೊರವ ಮೀನೂ ಹಾಗೇ ಎಂದು ಅಪ್ಪ ಮೊಮ್ಮಕ್ಕಳಿಗೆ ಹೇಳಿ ಖುಷಿಪಟ್ಟರು. ಅಷ್ಟು ದೊಡ್ಡ ಮೀನನ್ನು ಅಷ್ಟು ಹತ್ತಿರದಿಂದ ತೋರಿಸಿದ್ದಕ್ಕೆ ನಾನು ನಿಜವಾಗಿ ಥ್ಯಾಂಕ್ಸ್ ಹೇಳುತ್ತೇನೆ. ಆದರೆ ಗೋಲ್ಡ್‌ಫಿಶ್ ಗೆಂಡೆ ಜಾತಿಗೆ ಸೇರಿದ್ದು. ಅದಕ್ಕೆ ಕಿವಿರೇ ಗತಿ. ನೀರಲ್ಲಿ ಆಮ್ಲಜನಕ ಇಲ್ಲದಿದ್ದರೆ ಅದು ಸಾಯುತ್ತದೆ.

ಅಪ್ಪ ಒಂದು ಮಗ್ ಕೇಳಿದರು. ಗಾಜು ಒರೆಸುತ್ತಿದ್ದ ನಿಮ್ಮ ಹುಡುಗ, ಹದಿನೆಂಟು ಹತ್ತೊಂಬತ್ತು ವರ್ಷ ಇರಬಹುದು, ಓಡಿಹೋಗಿ ತಂದ. ಅಪ್ಪ ಹೇಳಿದ ಹಾಗೆ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದ. ಕಾಫಿ ಆರಿಸುತ್ತೇವಲ್ಲ, ಹಾಗೆ. ಒಂದು ತೊಟ್ಟಿ, ಎರಡನೇ ತೊಟ್ಟಿ. ಸ್ವಲ್ಪ ಹೊತ್ತಿಗೆ ಮೀನುಗಳು ಒಂದೊಂದಾಗಿ ಕೆಳಗಿಳಿದವು. ಮೂರನೇ ತೊಟ್ಟಿಗೆ ಹೋಗುವಷ್ಟರಲ್ಲಿ ಕೌಂಟರಿನವರು ಬಂದು, ನೀರು ಚೆಲ್ಲುತ್ತದೆ, ಜನ ಜಾರಿ ಬೀಳುತ್ತಾರೆ ಎಂದು ಹುಡುಗನನ್ನು ಬೈದು ಕಳಿಸಿದರು. ನಮ್ಮ ಯಜಮಾನರು, ಗಾಳಿ ಪಂಪ್ ಯಾಕೆ ಓಡುತ್ತಿಲ್ಲ ಎಂದು ಕೇಳಿದರು. "ಜನರೇಟರ್ ಲೈನ್ ಆ ಕಡೆಗೆ ಕೊಟ್ಟಿಲ್ಲ ಸರ್. ಇನ್ನೇನು ಕರೆಂಟ್ ಬಂದ್ಬಿಡತ್ತೆ" ಎಂಬ ಉತ್ತರ ಬಂತು. ಕರೆಂಟ್ ಬಂದಾಗ ಏಳೂಕಾಲು. ಮೂರನೇ ತೊಟ್ಟಿಯಲ್ಲಿ ಆರು ಮೀನು ಮಗ್ಗುಲಾಗಿ ತೇಲುತ್ತಿದ್ದವು. ಅವನ್ನು ಬಲೆಯಲ್ಲಿ ತೆಗೆದು ಪರದೆ ಹಿಂದಿದ್ದ ಬಕೆಟ್‌ಗೆ ಹಾಕಿದ್ದನ್ನು ನನ್ನ ಮಗಳು ನೋಡಿದಳು. ತಾನು ಚಪ್ಪಾಳೆ ತಟ್ಟಿದ್ದು ನೆನಪಾಗಿ ಮನೆಗೆ ಬರುವ ತನಕ ಅತ್ತಳು.

ಪಾಪ್‌ಕಾರ್ನ್ ಮೆಷಿನ್‌ಗೆ ಲೈನ್ ಎಳೆಯಲು ಆದವರಿಗೆ ನಾಲ್ಕು ಗಾಳಿ ಪಂಪ್‌ಗೆ ಯಾಕೆ ಆಗಲಿಲ್ಲ? ಅವು ತಿನ್ನುವ ಕರೆಂಟ್ ತೀರಾ ಕಡಿಮೆ. ಬ್ಯಾಟರಿಯಲ್ಲಿ ಓಡುವ ಪಂಪ್ ಕೂಡ ಸಿಗುತ್ತದೆ. ನಮ್ಮ ಮನೆಯ ಎರಡಡಿ ತೊಟ್ಟಿಗೇ ಒಂದು ಇಟ್ಟಿದ್ದೇವೆ. ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಲೈನ್ ಎಲ್ಲಿಗೆ ಬೇಕು, ಎಲ್ಲಿಗೆ ಬೇಡ ಎಂದು ಕೂತು ತೀರ್ಮಾನ ಮಾಡಿದ್ದೀರಿ.

ಆ ಮನೆಯ ತೊಟ್ಟಿಯಿಂದಲೇ ಕಲಿತ ಇನ್ನೊಂದು ವಿಷಯವಿದೆ. ಹೊಸ ತೊಟ್ಟಿಗೆ ಒಂದೇ ಸಲ ಜಾಸ್ತಿ ಮೀನು ಬಿಡಬಾರದು. ಮೀನಿನ ಕಸದಿಂದ ನೀರಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ಕಿವಿರನ್ನು ಸುಡುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನೀವು ಊರಿಂದ ಊರಿಗೆ ತೊಟ್ಟಿ ಬಿಚ್ಚಿ ಕಟ್ಟುವವರು. ನಾವು ಬಂದಾಗ ನಿಮ್ಮ ಪ್ರದರ್ಶನ ಶುರುವಾಗಿ ಮೂರೇ ದಿನ. ಅಂಥ ನೀರಲ್ಲಿ ಮೀನು ಕಡಿಮೆ ಇಡಬೇಕು, ನೀರು ಮೇಲಿಂದ ಮೇಲೆ ಬದಲಾಯಿಸಬೇಕು. ಆ ಸಾಲಿನಲ್ಲಿ ಮೂಗಿಗೆ ಬಡಿಯುತ್ತಿದ್ದ ವಾಸನೆ ಬೇರೆಯೇ ಹೇಳುತ್ತಿತ್ತು.

ಇಷ್ಟು ಉದ್ದ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿಮ್ಮ ಪ್ರದರ್ಶನ ನಮ್ಮ ಊರಿಗೆ ದೊಡ್ಡ ವಿಷಯ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬರುವ ತನಕ ನಮ್ಮ ಕಡೆ ಎಷ್ಟೋ ಕೆರೆ ವರ್ಷಗಟ್ಟಲೆ ಒಣಗಿ ಬಿದ್ದಿದ್ದವು. ಅಪ್ಪ ಗುತ್ತಿಗೆ ಬಿಟ್ಟಿದ್ದೂ ಹಾಗೆ ಕೆರೆ ಬತ್ತಿದ ಮೇಲೇ. ಇಲ್ಲಿನ ಮಕ್ಕಳು ಮೀನು ಈಜುವುದನ್ನು ನೋಡುವುದೇ ಅಪರೂಪ. ಪ್ರಾಣಿ ನೋಡಬೇಕೆಂದರೆ ಬನ್ನೇರುಘಟ್ಟಕ್ಕೆ ಹೋಗಬೇಕು, ಇಲ್ಲವೇ ಮೈಸೂರಿಗೆ. ಮೈಸೂರು ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ. ಹೋದ ವರ್ಷ ಬೆಳಗಿನ ಜಾವ ಮೂರಕ್ಕೆ ಎದ್ದು, ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಅತ್ತೆಗೆ ಮಂಡಿ ನೋವು, ಅರ್ಧ ದಾರಿಯಲ್ಲೇ ಸುಸ್ತಾದರು. ಊರಲ್ಲೇ ಮೀನು ಬಂದಿದೆ ಎಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ.

ಮೈಸೂರಿನ ಮೃಗಾಲಯ 1892ರಷ್ಟು ಹಳೆಯದು. ಅಲ್ಲಿ ಮಂಗಳವಾರ ರಜೆ. ಬನ್ನೇರುಘಟ್ಟದಲ್ಲೂ ಮಂಗಳವಾರವೇ ರಜೆ. ಯಾಕೆ ಎಂದು ಮಗಳು ಕೇಳಿದಾಗ, ಆ ದಿನ ಜನರ ಗಲಾಟೆ ಇಲ್ಲದೆ ಪ್ರಾಣಿಗಳು ಆರಾಮಾಗಿರುತ್ತವೆ ಎಂದು ನಾನು ಹೇಳಿದ್ದೆ. ಅದು ಅವಳ ಮನಸ್ಸಲ್ಲಿ ಕೂತಿತ್ತು. ನಿಮ್ಮ ಗೇಟಿನಲ್ಲಿ ಬೋರ್ಡ್ ಓದಿ, "ಇಲ್ಲಿ ಮೀನಿಗೆ ರಜೆ ಯಾವತ್ತಮ್ಮ?" ಅಂದಳು. ದಿನಾ ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಹತ್ತು, ರಜೆ ಇಲ್ಲ ಎಂದು ಬರೆದಿದ್ದೀರಿ. ಮೀನಿಗೆ ಕಣ್ಣು ಮುಚ್ಚಲು ರೆಪ್ಪೆ ಇಲ್ಲ. ದೀಪ ಆರಿದರೇ ಅದಕ್ಕೆ ವಿಶ್ರಾಂತಿ. ನೀರಿನ ಅದುರನ್ನು ಅದು ಮೈಯ ಪಕ್ಕದ ಗೆರೆಯಿಂದಲೇ ಗ್ರಹಿಸುತ್ತದೆ. ತೊಟ್ಟಿಯ ಮೇಲೆಯೇ ಸ್ಪೀಕರ್ ಕಟ್ಟಿದ್ದೀರಲ್ಲ, ಅದನ್ನು ಇಳಿಸಿ. ಮಕ್ಕಳು ಗಾಜು ಬಡಿಯುತ್ತಿದ್ದರೆ ಬೇಡ ಎಂದು ಹೇಳಲು ಒಬ್ಬರೂ ಇರಲಿಲ್ಲ. ಆ ಮೈಕ್ ಇರುವುದು ಅದಕ್ಕೇ ಅಲ್ವಾ?

ಈಗ ಶಾರ್ಕ್ ವಿಷಯ. ಊರೆಲ್ಲ ಹಚ್ಚಿದ ನಿಮ್ಮ ಪೋಸ್ಟರ್‌ನಲ್ಲಿ ಬಾಯಿ ತೆರೆದ ಶಾರ್ಕ್ ಇದೆ. "ಜೀವಂತ ಶಾರ್ಕ್" ಎಂದು ದಪ್ಪಕ್ಷರದಲ್ಲಿದೆ. ಒಳಗೆ ಆ ಬೋರ್ಡ್ ಹಾಕಿದ್ದ ತೊಟ್ಟಿಯಲ್ಲಿದ್ದದ್ದು ಪಂಗಾಸಿಯಸ್. ಅಲಂಕಾರಿಕ ಮೀನು ಮಾರುವವರು ಅದನ್ನು ಶಾರ್ಕ್ ಎಂದು ಕರೆಯುವುದು ನನಗೂ ಗೊತ್ತು. ಆದರೆ ಅದು ಮೀಸೆಯಿರುವ ಸಿಹಿನೀರಿನ ಮೀನು, ಆಂಧ್ರದ ಹೊಂಡಗಳಲ್ಲಿ ಊಟಕ್ಕೆಂದು ಸಾಕುವ ಮೀನು. ಹೋಟೆಲಿನಲ್ಲಿ ಬಾಸಾ ಎಂದು ತಟ್ಟೆಗೆ ಬರುವ ಜಾತಿ. ಶಾರ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಮಗ ಒಂದು ವಾರದಿಂದ ಶಾರ್ಕ್ ಶಾರ್ಕ್ ಎಂದು ಕುಣಿದಿದ್ದ. ಆ ತೊಟ್ಟಿ ಮುಂದೆ ನಿಂತು ಬೋರ್ಡ್ ನೋಡಿ, ಮೀನು ನೋಡಿ, ಮತ್ತೆ ನನ್ನ ಮುಖ ನೋಡಿದ. ಇಲ್ಲದ್ದನ್ನು ಇದೆ ಎಂದು ಜಾಹೀರಾತು ಕೊಟ್ಟು ದುಡ್ಡು ತೆಗೆದುಕೊಳ್ಳುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು.

ಹೊರಬರುವ ದಾರಿಯಲ್ಲಿ ಪುಟ್ಟ ಪುಟ್ಟ ಆಮೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾರುತ್ತಿದ್ದರು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಅಮೆರಿಕದ ಆಮೆ. ಕೊಳ್ಳದವರ ಮಕ್ಕಳ ಕೈಗೂ ಕೊಟ್ಟು ಫೋಟೋ ತೆಗೆಯುತ್ತಿದ್ದರು. ಈ ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮಕ್ಕಳಿಗೆ ವಾಂತಿ ಭೇದಿ ತರುವಂಥದ್ದು. ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ಅಮೆರಿಕದಲ್ಲೇ 1975ರಲ್ಲಿ ಇದೇ ಕಾರಣಕ್ಕೆ ನಿಲ್ಲಿಸಿದರು. ಇಲ್ಲಿ ಆಮೆ ಮುಟ್ಟಿದ ಮಕ್ಕಳು ಅದೇ ಕೈಯಲ್ಲಿ ಪಕ್ಕದ ಅಂಗಡಿಯ ಚುರುಮುರಿ ತಿನ್ನುತ್ತಿದ್ದರು. ಕೈ ತೊಳೆಯಲು ಒಂದು ನಲ್ಲಿ ಇಲ್ಲ. ಈ ಆಮೆ ತಟ್ಟೆಯಷ್ಟಗಲ ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಬೇಜಾರಾದ ಮೇಲೆ ಜನ ಅದನ್ನು ಎಲ್ಲಿ ಬಿಡುತ್ತಾರೆ? ಕೋಲಾರಮ್ಮನ ಕೆರೆಗೆ ತಾನೇ? ನಮ್ಮ ಕೆರೆಗೆ ನೀರು ಬಂದದ್ದೇ ಮೊನ್ನೆ ಮೊನ್ನೆ.

ನಿಮ್ಮ ಪ್ರದರ್ಶನ ಇನ್ನೂ ಹತ್ತೊಂಬತ್ತು ದಿನ ನಡೆಯುತ್ತದೆ ಎಂದು ಬೋರ್ಡ್ ಇದೆ. ಅದನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಇವತ್ತೇ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ಜನರೇಟರ್ ಲೈನನ್ನು ಮೊದಲು ಗಾಳಿ ಪಂಪ್‌ಗಳಿಗೆ ಕೊಡಿಸಿ. ಗೋಲ್ಡ್‌ಫಿಶ್ ತೊಟ್ಟಿಗಳಲ್ಲಿ ಮೀನು ಅರ್ಧಕ್ಕೆ ಇಳಿಸಿ. ಶಾರ್ಕ್ ಪೋಸ್ಟರ್ ತೆಗೆಸಿ, ಅದನ್ನು ನಂಬಿ ಕೊಟ್ಟ ನಮ್ಮ 800 ರೂಪಾಯಿ ವಾಪಸ್ ಮಾಡಿ. ಆಮೆ ಮಾರಾಟ ನಿಲ್ಲಲೇಬೇಕು. ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ. 1915 ಗ್ರಾಹಕ ಸಹಾಯವಾಣಿಗೂ ದೂರು ಕೊಡುತ್ತೇನೆ. ಮೀನು ಸತ್ತ ವಿಷಯವನ್ನು ಪಶುಪಾಲನಾ ಇಲಾಖೆಯವರಿಗೆ ಬರೆಯುತ್ತೇನೆ.

ಮಗ್ ತಂದ ಆ ಹುಡುಗನನ್ನು ದಯವಿಟ್ಟು ಕೆಲಸದಿಂದ ತೆಗೆಯಬೇಡಿ. ಅವತ್ತು ಎರಡು ತೊಟ್ಟಿ ಮೀನು ಉಳಿದದ್ದು ಅವನಿಂದ. ಮುಂದಿನ ಭಾನುವಾರ ಅಪ್ಪ ಮತ್ತೆ ಬರುತ್ತಾರೆ. ಅವನನ್ನು ಮಾತಾಡಿಸಬೇಕಂತೆ, ಗುಳ್ಳೆ ಬರುತ್ತಿದೆಯಾ ಎಂದೂ ನೋಡಬೇಕಂತೆ.

ಟಿಕೆಟ್‌ಗಳ ಫೋಟೋ, ಪೋಸ್ಟರ್‌ನ ಫೋಟೋ ಮತ್ತು ನಮ್ಮ ಯಜಮಾನರು ಮೊಬೈಲ್‌ನಲ್ಲಿ ತೆಗೆದ ಎರಡು ನಿಮಿಷದ ವಿಡಿಯೋ ಇದರ ಜೊತೆಗಿದೆ. ವಿಡಿಯೋದಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತದೆ. ತೊಟ್ಟಿಯಲ್ಲಿ ಒಂದೇ ಒಂದು ಗುಳ್ಳೆ ಕಾಣುವುದಿಲ್ಲ.

ಇಂತಿ,
ಇಬ್ಬರು ಮಕ್ಕಳ ತಾಯಿ
ಕೋಲಾರ